ಅಂಚಿನ ಬಣ್ಣ

ಪರದೆಯ ಮೇಲೆ ಚೆಂದವೇ ಇತ್ತು.
ಗೋಗಿಗೆ ಕೇಸರಿ, ಸಗರಕ್ಕೆ ಗಿಣಿಹಸಿರು,
ದೋರನಹಳ್ಳಿಗೆ ಬದನೆಕಾಯಿ ಬಣ್ಣ,
ಬೇರೇನೂ ಉಳಿಯಲಿಲ್ಲವೆಂದು ಹತ್ತಿಗೂಡೂರಿಗೆ ಇಟ್ಟಂಗಿ ಕೆಂಪು.
ಯಾವ ಊರಿಗೆ ದಿನಕ್ಕೆ ಎಷ್ಟು ಬಸ್ಸು,
ಕೆಳಗೆ ತಿಂಗಳ ಹೆಸರು,
ಒಂದೊಂದು ತಿಂಗಳ ನೆತ್ತಿಯ ಮೇಲೂ ಸಾಲಾಗಿ ಕಂಬ.

ಶಹಾಪುರ ಡಿಪೋದ ಪ್ರಿಂಟರಿಗೆ ಕಪ್ಪೊಂದೇ ಗೊತ್ತು.
ಅದರ ಹೊಟ್ಟೆಯಿಂದ ಬಿಸಿಬಿಸಿ ಬಂದ ಹಾಳೆಯಲ್ಲಿ
ಎಲ್ಲ ಊರೂ ಒಂದೇ ಬೂದಿ.
ಖಾಸಿಮನ ಅಂಗಡಿಯಲ್ಲಿ ಝರಾಕ್ಸ್ ಆದ ಮೇಲಂತೂ
ಬೂದಿಯೂ ಅಲ್ಲ, ಒಲೆಯ ಮಸಿ.
"ಇದರಾಗ ಗೋಗಿ ಯಾವ್ದವ್ವ, ಸಗರ ಯಾವ್ದು?"
ಹಯ್ಯಾಳಪ್ಪ ಸಾಹೇಬರು ಹಾಳೆ ತಿರುಗಿಸಿದರು,
ಬೆಳಕಿಗೆ ಹಿಡಿದರು,
ಕನ್ನಡಕ ತೆಗೆದು ಒರೆಸಿದರು.
ತಪ್ಪು ಅವರ ಕಣ್ಣಿನದಲ್ಲ.

ಬಣ್ಣ ಬೇಡ, ಗೆರೆ ತುಂಬೋಣ ಎಂದು ಕೋಡಿನ ಮುಂದೆ ಕೂತೆ.
ಓರೆ ಗೆರೆ ಬೇಕೆಂದರೆ ಓರೆ ಗೆರೆಯನ್ನೇ
ಎರಡು ಉದ್ಧರಣ ಚಿಹ್ನೆಗಳ ನಡುವೆ ಇಟ್ಟುಕೊಡಬೇಕು.
ಎಕ್ಸ್ ಬರೆದರೆ ಜಾಳಿಗೆ, ಚುಕ್ಕಿ ಬರೆದರೆ ಚುಕ್ಕಿ.
ಒಮ್ಮೆ ಬರೆದರೆ ವಿರಳ, ಮೂರು ಸಲ ಬರೆದರೆ ದಟ್ಟ.
ಲೆಕ್ಕವಲ್ಲ ಇದು.
ಕಿವಿ ಮಂದವಾದವರಿಗೆ ಹೇಳುವಂತೆ
ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು.

ಓಡಿಸಿದೆ. ಕಂಬ ಬಂದವು, ಗೆರೆ ಬರಲಿಲ್ಲ.
ಮತ್ತೆ ಓಡಿಸಿದೆ.
ಹೊರಗೆ ರಾತ್ರಿ ತಂಗುವ ಬಸ್ಸುಗಳು
ಒಂದೊಂದೇ ಹಿಮ್ಮುಖ ಸರಿಯುತ್ತಿದ್ದವು,
ಬರ್ಲಿ, ಬರ್ಲಿ, ಬರ್ಲಿ, ಸಾಕು.
ಆಮೇಲೆ ತಿಳಿಯಿತು. ಒಳಗಿನ ಗೆರೆಗೆ ತನ್ನದೆಂಬ ಬಣ್ಣವಿಲ್ಲ,
ಅಂಚಿಗೆ ಯಾವುದೋ ಅದಕ್ಕೂ ಅದೇ.
ಅಂಚಿನ ಬಗ್ಗೆ ನಾನು ಏನನ್ನೂ ಹೇಳಿರಲಿಲ್ಲ.
ಕಪ್ಪು ಎಂದು ಬರೆದೆ.

ನಾಲ್ಕು ಊರಿಗೆ ನಾಲ್ಕು ಆಯಿತು. ಐದನೆಯದಕ್ಕೆ ತೋಚದೆ
ಬೆಳಿಗ್ಗೆ ಕಸ ಹೊಡೆಯಲು ಬಂದ ಘಮಲಿಬಾಯಿಯ
ಕಾಂಚಳಿಯ ತೋಳು ನೋಡುತ್ತ ಕೂತೆ.
ಎರಡು ಕನ್ನಡಿ ಉದುರಿವೆ. ಉಳಿದದ್ದು ಚೌಕದೊಳಗೆ ಚೌಕ,
ಅದರೊಳಗೆ ಅಡ್ಡ, ಉದ್ದ, ಓರೆ,
ಸಂದಿನಲ್ಲಿ ಹಳದಿ ನೂಲಿನ ಚುಕ್ಕಿ.
"ಏನ್ ನೋಡ್ಲಿಕತ್ತೀರಿ ಮೇಡಂ?"
"ಹೊಲಿಗಿ."
"ನಮ್ಮವ್ವ ಹಾಕಿದ್ದು. ನನಗ ಬರಂಗಿಲ್ಲ."
ಕೂಡುವ ಚಿಹ್ನೆ, ಎಕ್ಸ್, ಚುಕ್ಕಿ, ಮೂರನ್ನೂ ಒಟ್ಟಿಗೆ ಕಟ್ಟಿ
ಕೆಂಪುಗುಡ್ಡ ತಾಂಡಾಕ್ಕೆ ಕೊಟ್ಟೆ.
ಅವಳ ತಾಂಡಾ ಎಂದಲ್ಲ,
ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಅದೊಂದೇ.

ಹಾಳೆ ಬಂತು. ಗೋಗಿ ಓರೆ, ಸಗರ ಜಾಳಿಗೆ,
ಖಾಸಿಮನ ಯಂತ್ರಕ್ಕೂ ಜಗ್ಗದ ದೋರನಹಳ್ಳಿಯ ಚುಕ್ಕಿ,
ಹತ್ತಿಗೂಡೂರಿನ ನೆಟ್ಟಗಿನ ಗೆರೆ.
ನಾಲ್ಕರ ಪಕ್ಕ ಒಂದು ಸಂದು,
ಹಲ್ಲು ಬಿದ್ದಲ್ಲಿ ಇರುವಂಥದ್ದು,
ಪ್ರತಿ ತಿಂಗಳೂ.
ಸೊನ್ನೆಗೆ ಎತ್ತರವಿಲ್ಲ. ಎತ್ತರವಿಲ್ಲದ್ದಕ್ಕೆ ಒಳಗಿಲ್ಲ.
ಒಳಗೇ ಇಲ್ಲದ್ದರಲ್ಲಿ ಏನು ತುಂಬಲಿ?
ಮೇಲೆ ಮೂಲೆಯಲ್ಲಿ, ಯಾವ ಗೆರೆ ಯಾವ ಊರೆಂದು ಹೇಳುವ ಕಡೆ,
ಉಗುರಿನಷ್ಟು ಡಬ್ಬಿಯೊಳಗೆ ಮಾತ್ರ
ಆ ಹೊಲಿಗೆ ಪೂರಾ ಇತ್ತು.

"ಈಗ ತಿಳೀತದ ನೋಡವ್ವ" ಎಂದರು ಸಾಹೇಬರು. ಸಹಿ ಬಿತ್ತು.

ಮೇಜು ಒರೆಸುತ್ತಿದ್ದ ಘಮಲಿಬಾಯಿಯ ಕೈ ನಿಂತಿತು.
ಅಕ್ಷರ ಬರುವುದಿಲ್ಲ. ಡಬ್ಬಿಯ ಮೇಲೆ ಬೆರಳಿಟ್ಟು
ತನ್ನ ತೋಳು ನೋಡಿಕೊಂಡಳು.
ಬೆರಳು ಕೆಳಗಿಳಿದು ಕಂಬದಿಂದ ಕಂಬಕ್ಕೆ ಹುಡುಕಿತು,
ಜೂನ್ ದಾಟಿತು, ಜುಲೈ ದಾಟಿತು, ಹಾಳೆ ಮುಗಿಯಿತು.
"ಇದು ಎಲ್ಲಿ ಅದ?"
ಸಂದು ತೋರಿಸಿದೆ. "ನಿಮ್ಮ ಕಡಿ ಬಸ್ಸಿಲ್ಲಲ್ಲ."
"ಇಲ್ಲ ಬಿಡ್ರಿ," ಎಂದಳು.
ಐದಕ್ಕೆ ಮನೆ ಬಿಟ್ಟು ನಡೆದು ಬಂದವಳಿಗೆ
ಅದನ್ನು ನಾನು ಹೇಳಬೇಕಿರಲಿಲ್ಲ.
"ಆದ್ರ ಜಾಗ ಅದ ಅಲ್ಲ."

ಅರಿವೆ ಹಿಂಡಿ ಪಕ್ಕದ ಮೇಜಿಗೆ ಹೋದಳು.
ಹಾಳೆಯ ತುದಿಯಲ್ಲಿ ಒಂದು ಹನಿ
ಆರುವವರೆಗೆ ನೋಡುತ್ತಿದ್ದೆ.