ನಡಾವಳಿ

ಮಸ್ಜಿದ್ ಬಂದರಿನ ನಮ್ಮ ಆಫೀಸಿಗೆ
ಮಾತು ಕೇಳಿ ಬರೆದುಕೊಳ್ಳುವ ಯಂತ್ರ ಬಂತು.
ಆಟಿ ತಿಂಗಳು, ಹೊಸದಕ್ಕೆ ಕೈ ಹಾಕಬಾರದು ಅಂದೆ.
ಪುಣೆಯ ದೊಡ್ಡ ಆಫೀಸಿಗೆ ಪಂಚಾಂಗ ಗೊತ್ತಿಲ್ಲ.

ಹಡಗಿನ ನಟ್ಟು ಬೋಲ್ಟು ಮಾರುವ ಕಂಪನಿ ನಮ್ಮದು.
ಹತ್ತೊಂಬತ್ತು ವರ್ಷ ಸೋಮವಾರದ ನಡಾವಳಿ
ಬರೆದವಳು ನಾನು, ಜಲಜಾ ಸಾಲ್ಯಾನ್.
ಯಾರು ಯಾರಿಗೆ ಬೈದರೂ "ಚರ್ಚಿಸಲಾಯಿತು" ಅಂತ,
ಯಾರು ಗೊರಕೆ ಹೊಡೆದರೂ "ಸರ್ವಾನುಮತದಿಂದ" ಅಂತ.
ಇನ್ನು ಆ ಕೆಲಸ ಮೇಜಿನ ನಡುವೆ ಕೂತ
ಈ ಕರೀ ಡಬ್ಬಿಯದು. ಒಂದು ಕಡುಬಿನಷ್ಟು ಗಾತ್ರ.

ಅದನ್ನು ಎಬ್ಬಿಸಿದ್ದು ನನ್ನ ಫೋನಿನಿಂದ.
ನನ್ನ ಫೋನು ಕನ್ನಡ ಶಾಲೆಯಲ್ಲಿ ಓದಿದ್ದು.
ಯಾರಿಗೂ ಹೊಳೆಯಲಿಲ್ಲ.

ಖಾನೋಲ್ಕರ್ ಸಾಹೇಬರು ಮೇಜು ಗುದ್ದಿದರು:
"ಫಾಯಿಲ್ ಕಾಲ್ ಹವೀ ಹೋತೀ!"
ನಿನ್ನೆ ಬೇಕಿತ್ತು ಅಂತ. ಅವರಿಗೆ ಎಲ್ಲವೂ ನಿನ್ನೆಯೇ ಬೇಕು.
ಡಬ್ಬಿ ಕೇಳಿತು, ಮಿಣುಕಿತು,
ಕೇಳದ್ದನ್ನು ಊಹಿಸಿಕೊಂಡು ಬರೆಯಿತು:
ಸಾಹೇಬರಿಗೆ ಕಾಲು ಬೇಕಾಗಿದೆ.
ಇಂಗ್ಲಿಷಿಗೂ ತಿರುಗಿಸಿ
ಪುಣೆಗೆ ಕಳಿಸಿಯೂ ಬಿಟ್ಟಿತು.

ಮೂರು ಗಂಟೆಗೆ ಸಂತಾಪ ಬಂತು.
ನಾಲ್ಕಕ್ಕೆ ಫಾರ್ಮು: ಎಡಗಾಲೋ, ಬಲಗಾಲೋ?
ಒಂದನ್ನು ಒತ್ತದೆ ಮುಂದಿನ ಪುಟಕ್ಕೆ ಬಿಡದು.
ಐದಕ್ಕೆ ಹಣ್ಣಿನ ಬುಟ್ಟಿ, ಅನಾನಸಿನ ಕೊರಳಿಗೆ ಚೀಟಿ,
"ಬೇಗ ಎದ್ದು ನಿಲ್ಲುವಂತಾಗಲಿ."
ಫ್ರೇನಿ ಬಾಯಿ ನಗಲಿಕ್ಕೆ ಮೇಜಿನ ಕೆಳಗೇ ಹೋದರು.
ಸಾಹೇಬರು ಫೋನೆತ್ತಿ ಕೂಗಿದರು, "ನನಗೆ ಎರಡೂ ಇವೆ!"
ಲೈನು ಕಡಿದು ಕಡಿದು
ಪುಣೆಗೆ ಮುಟ್ಟಿದ್ದು ಇಷ್ಟೇ: ಎರಡೂ.
ಮರುದಿನ ಗಾಲಿಕುರ್ಚಿ ಬಂತು.

ಹಳೆ ಚಟ, ಕೆಂಪು ಪೆನ್ನು ಹಿಡಿದು
ಯಂತ್ರದ ಬರಹ ತಿದ್ದಲು ಕೂತೆ.
ಪ್ರತಿ ಸೋಮವಾರ, ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ, ಅದೇ ಸಾಲು:
ಯಾರೋ ಒಬ್ಬರು "ಸರ್, ಸರ್, ಸರ್" ಅಂದರು.
ಯಾರೂ ಉತ್ತರಿಸಲಿಲ್ಲ.

ಇದ್ಯಾರಪ್ಪ ಅಂತ ಕಿವಿಗೆ ಸಿಕ್ಕಿಸಿಕೊಂಡು ಕೇಳಿದೆ.
ಶಿಗ್ವಣ್. ಚಹಾದ ಟ್ರೇ.
ಬಲಗಾಲಿನ ಚಪ್ಪಲಿ ನೆಲ ಉಜ್ಜುತ್ತ ಬರುವುದು,
ಸರ್, ಸರ್, ಸರ್.
ಸ್ಟೇಷನ್ನಿನ ಮೆಟ್ಟಿಲಲ್ಲಿ ಬಿದ್ದದ್ದಂತೆ. ಯಾವಾಗ ಅಂದರೆ
"ಹಿರೀ ಮಗಳಿಗೆ ಹೆಸರಿಟ್ಟ ವರ್ಷ, ಬಾಯೀ."
ಅವಳ ಮಗ ಈಗ ಮೂರನೇ ಕ್ಲಾಸು.
ನಾನೂ ಕುಡಿದಿದ್ದೇನೆ ಆ ಚಹಾ ಇಷ್ಟೂ ವರ್ಷ.
ಸಕ್ಕರೆ ಜಾಸ್ತಿ ಅಂತ ನಡಾವಳಿಯಲ್ಲಿ ಬರೆದೂ ಇದ್ದೇನೆ, ಒಮ್ಮೆ.

ಗಾಲಿಕುರ್ಚಿ ವಾಪಸು ಹೋಗಲಿಲ್ಲ, ವಾಪಸಿಗೆ ಫಾರ್ಮಿಲ್ಲ.
ಮುಂದಿನ ಸೋಮವಾರ ಶಿಗ್ವಣ್ ಅದರ ಮೇಲೆ ಟ್ರೇ ಇಟ್ಟು
ಹಿಂದಿನಿಂದ ಆತುಕೊಂಡು, ತಳ್ಳಿಕೊಂಡು ಬಂದ.
ಸದ್ದಿಲ್ಲ.
ಸಾಹೇಬರು ಕಪ್ಪು ಬಿಟ್ಟು ಕೆಳಗೆ ನೋಡಿದರು.
ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ಪಾಯ್ ಕಸಾ ಆಹೇ?"
ಕಾಲು ಹೇಗಿದೆಯೋ, ಅಂತ.

ಡಬ್ಬಿ ಬರೆಯಿತು: ಪಾಯ ಹೇಗಿದೆ?

ಪುಣೆಯಿಂದ ಗಾಬರಿ. ಕಟ್ಟಡ ಅಲ್ಲಾಡುತ್ತಿದೆಯೇ,
ಎಲ್ಲರೂ ಕೂಡಲೇ ಹೊರಗೆ ಬನ್ನಿ, ಇಂಜಿನಿಯರು ಹೊರಟಾಗಿದೆ.
ಹೇಗೂ ಮರದ ಟೇಕು ಕೊಟ್ಟು ನಿಲ್ಲಿಸಿದ ಮುದಿ ಕಟ್ಟಡ,
ಬರಲಿ, ನೋಡಲಿ ಅಂದರು ಸಾಹೇಬರು,
ಬುಟ್ಟಿಯ ಕೊನೆಯ ಸೇಬು ಹೆಚ್ಚಿ
ಮೊದಲ ಹೋಳು ಶಿಗ್ವಣ್‌ಗೆ ಕೊಡುತ್ತ.

ಇಂಜಿನಿಯರು ಗೋಡೆ ತಟ್ಟಿದ, ನೆಲಕ್ಕೆ ಕಿವಿಯಿಟ್ಟ.
ಅಲ್ಲಾಡುತ್ತಿದ್ದದ್ದು ಮೀಟಿಂಗಿನ ಮೇಜು.
ಅದರ ಮೋಟುಗಾಲಿನ ಅಡಿಯಿಂದ ಎಳೆದು ತೆಗೆದ,
ನಾಲ್ಕು ಮಡಿಕೆ ಮಡಿಸಿದ್ದ ಫೈಲು.

ಅಲ್ಲಿ ಇಟ್ಟವರು ಯಾರೆಂದು ನಡಾವಳಿಯಲ್ಲಿಲ್ಲ.
ಡಬ್ಬಿ ಬರುವುದಕ್ಕೆ ಮುಂಚಿನ ಸೋಮವಾರ.
ಆ ದಿನ ಬರೆದವಳು ನಾನು.