ರಗ್ಗು ಮಾತ್ರ

‘ರೆಗೆ ಮಾತ್ರ’ ಅಂತ ಬಾಯಲ್ಲಿ ಹೇಳಿದ್ದೆ.
ಬೋರ್ಡಿನ ಅಂಜಿನಪ್ಪ ‘ರಗ್ಗು ಮಾತ್ರ’ ಎಂದು ಬರೆದ.
ಮೊದಲ ವಾರ ಬಂದ ಮೂರು ಫೋನೂ
ಡಬಲ್ ಕಾಟ್‌ದು ಎಷ್ಟಣ್ಣ ಎಂದು.

ಹಳೇ ಕ್ಯಾಂಟರು, ಚಿಂತಾಮಣಿಯಲ್ಲಿ ಕೊಂಡ ಎರಡು ಬಾಕ್ಸು,
ಕಂತು ಇನ್ನೂ ಹದಿನೇಳು.
ಟಪಾಂಗುಚ್ಚಿ ಹಾಕೋ, ಕಾಸಾಗುತ್ತೆ, ಅಂದ ಭಾವ.
ಯಾಕೆ ಒಲ್ಲೆ ಅಂದರೆ ಹೇಳಕ್ಕೆ ಬರಲ್ಲ ನನಗೆ:
ಹೊಡೆತ ಬೀಳಬೇಕಾದ ಕಡೆ ಬೀಳದೆ
ಪಕ್ಕದಲ್ಲಿ ಬೀಳುತ್ತದಲ್ಲ,
ಕತ್ತಲಲ್ಲಿ ಇಲ್ಲದ ಮೆಟ್ಟಿಲು ತುಳಿದ ಹಾಗೆ,
ಅದು.

ಜಂಗಮಕೋಟೆ ಹತ್ತಿರ ಮೊದಲ ಬುಕಿಂಗು, ನಾಮಕರಣ.
ಬೇಸ್ ಏರಿಸಿದೆ. ಶಾಮಿಯಾನದ ಕಂಬ ಜುಂ ಎಂದಿತು.
‘ತಾಳ ತಪ್ತಲ್ಲೋ’ ಎಂದ ಮಗುವಿನ ತಾತ.
ಅಷ್ಟರಲ್ಲಿ ಪಕ್ಕದ ಮನೆಯ ಮುನಿರತ್ನಮ್ಮ
ಸುಣ್ಣದ ಕೈ ಸೆರಗಿಗೆ ಒರೆಸುತ್ತ ಬಂದಳು:
‘ನಮ್ಮ ಹುಳಕ್ಕೆ ನಾಲ್ಕನೇ ಜ್ವರ.
ತಟ್ಟೆ ಅದುರುತಾವೆ. ನಿಲ್ಲಿಸು ನಿನ್ ಗುಡುಗು.’

ಸೊನ್ನೆಗೆ ಇಳಿಸಿದೆ.
ಬೇಸ್ ತೆಗೆದ ಮೇಲೆ ಉಳಿಯುವುದೇನು?
ಖಾಲಿ, ಚಕ್. ಖಾಲಿ, ಚಕ್.
ಯಾರೋ ಹಿಪ್ಪುನೇರಳೆ ಕೊಚ್ಚಿದ ಹಾಗೆ ಗಿಟಾರು.
ಯಾರೂ ಕುಣಿಯಲಿಲ್ಲ. ಮಗು ನಿದ್ದೆ ಹೋಯಿತು.
ಊಟಕ್ಕೆ ಕೂತವರು ಮಾತ್ರ
ಒಂದು ಹೊಡೆತ ತಡವಾಗಿ ತುತ್ತು ಎತ್ತುತ್ತಿದ್ದರು,
ಅಥವಾ ನನಗೆ ಹಾಗೆ ಕಂಡಿತು.

ವಯರು ಸುತ್ತುವಾಗ ಮತ್ತೆ ಬಂದಳು.
ಗೋಡೆಗೆ ಒರಗಿದ್ದ ಚಂದ್ರಿಕೆಯ ಅಂಚಿಗೆ
ಇದ್ದಲಲ್ಲಿ ನನ್ನ ನಂಬರ್ ಗೀಚಿಕೊಂಡಳು.
‘ಗೂಡು ಮಾರಿದ ರಾತ್ರಿ ಬಾ.
ಗುಡುಗನ್ನೂ ತಗೊಂಡು ಬಾ.’
ಬೋರ್ಡಿನ ಕಡೆ ನೋಡಿದಳು.
‘ಹಂಗೇ ಒಂದು ರಗ್ಗು. ಸಿಂಗಲ್ ಕಾಟ್‌ದು.’