ನೇರದ ಗುಳಿ

ಅರವತ್ತು ದಾಟಿದರೆ ಸಾಕು, ಹ್ಯಾಂಡಲ್
ಬೇಡ ಬೇಡವೆಂದು ತಲೆಯಾಡಿಸುತ್ತಿತ್ತು.
ಟೈರು ಬದಲಿಸಿದ್ದೆ, ಕಡ್ಡಿ ಬಿಗಿಸಿದ್ದೆ.
ಸಾಂತಿಯಾಗೊದ ಇಳಿಜಾರಿನಲ್ಲಿ ನಿನ್ನೆ
ಹಿಂದೆ ಕೂತ ದಾದಿ ಕೋಬ್ರೆ ಮಾತೆಯನ್ನು ಕೂಗಿ
ಅರ್ಧ ದಾರಿಗೇ ಇಳಿದಳು, ಕಾಸೂ ಕೊಡಲಿಲ್ಲ.

ಲೆಯೋವಿಹಿಲ್ದೊ ಬಿಯರ್ ಪೆಟ್ಟಿಗೆಯ ಮೇಲೆ ಎಂಜಿನ್ ಕೂರಿಸಿ
ಮುಂದಿನ ಗಾಲಿಯನ್ನು ನೆಲದಿಂದ ಬಿಡಿಸಿದ.
ನಾಡಿ ಹಿಡಿದವನ ಹಾಗೆ, ಎರಡೇ ಬೆರಳು:
ಎಡಕ್ಕೆ ನುಣುಪು, ಬಲಕ್ಕೆ ನುಣುಪು,
ನಟ್ಟನಡುವೆ
ಟಕ್.

ಬಿಚ್ಚಿ, ಕರಿ ಗ್ರೀಸು ಒರೆಸಿದರೆ
ಬೇರಿಂಗ್ ಬಟ್ಟಲಲ್ಲಿ ಒಂದೊಂದು ಗುಂಡಿಗೂ ಒಂದೊಂದು ಗುಳಿ.
"ಜರ್ಮನಿಯಿಂದ ಬಂದಾಗಿನಿಂದ ನೇರ ಓಡಿದೆ,
ಸವೆದದ್ದೂ ನೇರದಲ್ಲೇ" ಅಂದ.

ಹೊಸ ಬಟ್ಟಲು ಎಲ್ಲಿಂದ ತರುವುದು ಈ ದ್ವೀಪದಲ್ಲಿ?
ಹಳೆಯದನ್ನೇ ಅರ್ಧ ಗುಂಡಿನಷ್ಟು ತಿರುಗಿಸಿ ಬಡಿದ.

ಈಗ ಎಪ್ಪತ್ತರಲ್ಲೂ ಹ್ಯಾಂಡಲ್ ಸುಮ್ಮನಿದೆ.
ಬಂದರಿನ ಕಡೆ ಹೊರಳುವಾಗ ಮಾತ್ರ
ಅಂಗೈಗೆ ಸಣ್ಣ ಟಕ್.
ಗುಳಿಗಳೆಲ್ಲ ತಿರುವಿಗೆ ಬಂದು ಕೂತಿವೆ.